‘ಬೇಕು’, ‘ಬಹುದು’ಗಳ ಕೈಹಿಡಿದು: ಕನ್ನಡ ಮಾಧ್ಯಮದ ಮಕ್ಕಳಿಗೆ ಇಂಗ್ಲಿಷ್ ಮೋಡಲ್ ಕ್ರಿಯಾಪದಗಳ ಬೋಧನೆ

ಬೋಧನಾಭ್ಯಾಸದ ದಿನಗಳಲ್ಲಿ ನಾನು ತರಗತಿಯ ಹಿಂದಿನ ಬೆಂಚಿನಲ್ಲಿ ಕುಳಿತು ನೋಡುವ ಇಂಗ್ಲಿಷ್ ವ್ಯಾಕರಣದ ಪಾಠಗಳಲ್ಲಿ ಮೋಡಲ್ ಕ್ರಿಯಾಪದಗಳ ಪಾಠ ಸಾಮಾನ್ಯವಾಗಿ ಒಂದೇ ದಾರಿಯಲ್ಲಿ ಸಾಗುತ್ತದೆ. ಪ್ರಶಿಕ್ಷಣಾರ್ಥಿ ಕಪ್ಪುಹಲಗೆಯ ಮೇಲೆ ಎರಡು ಕಂಬಸಾಲಿನ ಪಟ್ಟಿ ಬರೆಯುತ್ತಾರೆ. ಎಡಗಡೆ ಕ್ಯಾನ್, ಕುಡ್, ಮೇ, ಮೈಟ್, ಶಲ್, ಶುಡ್, ವಿಲ್, ವುಡ್, ಮಸ್ಟ್. ಬಲಗಡೆ ಸಾಮರ್ಥ್ಯ, ಅನುಮತಿ, ಸಾಧ್ಯತೆ, ಸಲಹೆ, ಕಡ್ಡಾಯ. ಪ್ರತಿಯೊಂದಕ್ಕೂ ಒಂದು ಉದಾಹರಣೆ ವಾಕ್ಯ. ಮಕ್ಕಳು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಾರೆ. ಕೊನೆಗೆ ಬಿಟ್ಟ ಸ್ಥಳ ತುಂಬುವ ಐದು ಪ್ರಶ್ನೆಗಳು, ಮನೆಗೆಲಸ, ಗಂಟೆ.

ಪಟ್ಟಿಯಲ್ಲಿ ತಪ್ಪಿಲ್ಲ. ಆದರೆ ಮರುದಿನ ಅದೇ ತರಗತಿಗೆ ಹೋಗಿ ‘ನೀನು ನಾಳೆ ಶಾಲೆಗೆ ಬರಬೇಕಾಗಿಲ್ಲ’ ಎಂಬುದನ್ನು ಇಂಗ್ಲಿಷಿನಲ್ಲಿ ಹೇಳಿ ಎಂದು ಕೇಳಿ ನೋಡಿ. ಬಹುಪಾಲು ಮಕ್ಕಳು ‘ಯು ಮಸ್ಟ್ ನಾಟ್ ಕಮ್ ಟುಮಾರೋ’ ಎನ್ನುತ್ತಾರೆ. ‘ಮಸ್ಟ್’ ಎಂದರೆ ಬೇಕು, ‘ನಾಟ್’ ಎಂದರೆ ಇಲ್ಲ, ಎರಡೂ ಸೇರಿದರೆ ‘ಬೇಕಾಗಿಲ್ಲ’ ಎಂಬುದು ಅವರ ಲೆಕ್ಕ. ಆ ವಾಕ್ಯಕ್ಕೆ ಇಂಗ್ಲಿಷಿನಲ್ಲಿ ಇರುವ ಅರ್ಥ ‘ಬರಕೂಡದು’. ರಜೆ ಕೊಡಲು ಹೊರಟ ಮಾತು ನಿಷೇಧವಾಗಿ ಹೋಯಿತು.

ಇದು ಒಂದು ಅಂಕದ ಪ್ರಶ್ನೆ ಮಾತ್ರವಲ್ಲ. ನಮ್ಮ ಮುಂದೆ ಕುಳಿತಿರುವ ಮಕ್ಕಳು ಎಸ್‌ಎಸ್‌ಎಲ್‌ಸಿ ಮುಗಿಸಿ ಐಟಿಐಗೋ ಡಿಪ್ಲೊಮಾಕ್ಕೋ ವಿಜ್ಞಾನದ ಪಿಯುಸಿಗೋ ಹೋಗುತ್ತಾರೆ. ಅಲ್ಲಿ ಯಂತ್ರದ ಪಕ್ಕದ ಫಲಕ, ಪ್ರಯೋಗಾಲಯದ ಸೂಚನೆ, ಪ್ರಶ್ನೆಪತ್ರಿಕೆಯ ಮೇಲಿನ ನಿರ್ದೇಶನ, ಔಷಧದ ಡಬ್ಬಿಯ ಮೇಲಿನ ಬರಹ ಇವೆಲ್ಲ ಮೋಡಲ್‌ಗಳ ಮೇಲೆಯೇ ನಿಂತಿವೆ. ಮಾಡಲೇಬೇಕಾದದ್ದು ಯಾವುದು, ಮಾಡಿದರೂ ಬಿಟ್ಟರೂ ಸರಿ ಎನ್ನುವುದು ಯಾವುದು, ಮಾಡಲೇಕೂಡದ್ದು ಯಾವುದು ಎಂಬ ವ್ಯತ್ಯಾಸ ಒಂದು ಪುಟ್ಟ ಪದದಲ್ಲಿದೆ. ಆದ್ದರಿಂದ ಈ ಪಾಠವನ್ನು ಪಟ್ಟಿಯಾಚೆಗೆ ಕೊಂಡೊಯ್ಯುವುದು ಹೇಗೆ ಎಂಬುದನ್ನು ಪ್ರಶಿಕ್ಷಣಾರ್ಥಿಗಳ ಮುಂದೆ ಇಡುತ್ತಿದ್ದೇನೆ. ನನ್ನ ಮುಖ್ಯ ಮಾತು ಇಷ್ಟು: ಮೋಡಲ್‌ಗಳ ವಿಷಯದಲ್ಲಿ ಕನ್ನಡ ಮಗುವಿಗೆ ಅಡ್ಡಿಯಲ್ಲ, ಆಸ್ತಿ, ಎಲ್ಲಿ ಆಸ್ತಿ, ಎಲ್ಲಿ ಎಡವುಗಲ್ಲು ಎಂಬುದು ಶಿಕ್ಷಕರಿಗೆ ಗೊತ್ತಿರಬೇಕು.

ರೂಪದ ನಿಯಮಗಳು: ಕನ್ನಡ ಮೊದಲೇ ಕಲಿಸಿದೆ

ಇಂಗ್ಲಿಷ್ ಮೋಡಲ್‌ಗಳ ರೂಪಕ್ಕೆ ಸಂಬಂಧಿಸಿ ನಾವು ಕಲಿಸುವ ನಿಯಮಗಳು ಮುಖ್ಯವಾಗಿ ನಾಲ್ಕು. ಒಂದು, ಕರ್ತೃ ಬದಲಾದರೂ ಮೋಡಲ್ ಬದಲಾಗುವುದಿಲ್ಲ; ‘ಹಿ ಕ್ಯಾನ್ಸ್’ ಎಂಬುದಿಲ್ಲ. ಎರಡು, ಅದರ ಮುಂದೆ ಕ್ರಿಯಾಪದದ ಮೂಲರೂಪವೇ ಬರುತ್ತದೆ. ‘ಶಿ ಕ್ಯಾನ್ ಸಿಂಗ್ಸ್’, ‘ಶಿ ಕ್ಯಾನ್ ಟು ಸಿಂಗ್’ ಎರಡೂ ತಪ್ಪು. ಮೂರು, ಪ್ರಶ್ನೆಗೂ ನಿಷೇಧಕ್ಕೂ ‘ಡು’, ‘ಡಸ್’ಗಳ ನೆರವು ಬೇಡ, ಮೋಡಲ್ಲೇ ಮುಂದೆ ಬರುತ್ತದೆ, ‘ನಾಟ್’ ಅದಕ್ಕೇ ಅಂಟಿಕೊಳ್ಳುತ್ತದೆ. ನಾಲ್ಕು, ಎರಡು ಮೋಡಲ್‌ಗಳು ಒಟ್ಟಿಗೆ ನಿಲ್ಲುವುದಿಲ್ಲ.

ಮೊದಲ ಎರಡು ನಿಯಮಗಳಿಗೆ ನಮ್ಮ ‘ಬಹುದು’, ‘ಬೇಕು’ಗಳೇ ಸಾಕ್ಷಿ. ಸಾಮಾನ್ಯ ಕ್ರಿಯಾಪದ ಕನ್ನಡದಲ್ಲಿ ಕರ್ತೃವಿನ ಜೊತೆ ಬದಲಾಗುತ್ತಲೇ ಇರುತ್ತದೆ: ಹೋಗುತ್ತೇನೆ, ಹೋಗುತ್ತಾಳೆ, ಹೋಗುತ್ತಾರೆ. ಆದರೆ ನಾನು ಹೋಗಬಹುದು, ಅವಳು ಹೋಗಬಹುದು, ಅವರು ಹೋಗಬಹುದು. ನಾನು ಹೋಗಬೇಕು, ಅವಳು ಹೋಗಬೇಕು, ಅವರು ಹೋಗಬೇಕು. ‘ಬಹುದು’, ‘ಬೇಕು’ ಕದಲುವುದಿಲ್ಲ. ‘ಹೋಗುತ್ತಾಳೆಬಹುದು’ ಎಂದು ಯಾವ ಮಗುವೂ ಹೇಳುವುದಿಲ್ಲ. ಈ ಆರು ವಾಕ್ಯಗಳನ್ನು ಹಲಗೆಯ ಮೇಲೆ ಬರೆದು, ಯಾವುದು ಬದಲಾಯಿತು, ಯಾವುದು ಬದಲಾಗಲಿಲ್ಲ ಎಂದು ಮಕ್ಕಳಿಂದಲೇ ಹೇಳಿಸಿ. ಬಳಿಕ ‘ಐ ಕ್ಯಾನ್ ಗೋ, ಶಿ ಕ್ಯಾನ್ ಗೋ, ದೇ ಕ್ಯಾನ್ ಗೋ’ ಬರೆಯಿರಿ. ನಿಯಮವನ್ನು ನೀವು ಹೇಳಬೇಕಾಗಿಯೇ ಇಲ್ಲ, ಮಕ್ಕಳು ಹೇಳುತ್ತಾರೆ. ಬದಲಾಗುವುದು ಸ್ಥಾನ ಮಾತ್ರ: ಕನ್ನಡದಲ್ಲಿ ‘ಬಹುದು’ ಕ್ರಿಯೆಯ ಬಾಲಕ್ಕೆ ಅಂಟುತ್ತದೆ, ಇಂಗ್ಲಿಷಿನಲ್ಲಿ ‘ಕ್ಯಾನ್’ ಕ್ರಿಯೆಯ ಮುಂದೆ ನಡೆಯುತ್ತದೆ.

ನಾಲ್ಕನೆಯ ನಿಯಮದಲ್ಲಿ ಮಾತ್ರ ಎರಡು ಭಾಷೆಗಳು ದಾರಿ ಬೇರೆಯಾಗುತ್ತವೆ. ಕನ್ನಡದಲ್ಲಿ ‘ಹೋಗಬೇಕಾಗಬಹುದು’ ಎನ್ನಬಹುದು. ‘ಬೇಕು’ ಮತ್ತು ‘ಬಹುದು’ ಒಂದೇ ಪದದೊಳಗೆ ಸಲೀಸಾಗಿ ಕೂರುತ್ತವೆ. ಇಂಗ್ಲಿಷಿನಲ್ಲಿ ‘ಮೇ ಮಸ್ಟ್’ ಎಂದು ಜೋಡಿಸಲು ಬರುವುದಿಲ್ಲ, ‘ವಿಲ್ ಕ್ಯಾನ್’ ಕೂಡ ಇಲ್ಲ. ಅದಕ್ಕಾಗಿಯೇ ಆ ಭಾಷೆ ‘ಹ್ಯಾವ್ ಟು’, ‘ಬಿ ಏಬಲ್ ಟು’ ಎಂಬ ಬದಲಿ ಆಳುಗಳನ್ನು ಇಟ್ಟುಕೊಂಡಿದೆ. ‘ಐ ಮೇ ಹ್ಯಾವ್ ಟು ಗೋ’, ‘ಐ ವಿಲ್ ಬಿ ಏಬಲ್ ಟು ಗೋ’. ‘ಹ್ಯಾವ್ ಟು’ ಏಕೆ ಕಲಿಯಬೇಕು ಎಂದು ಮಗು ಕೇಳಿದರೆ ಕೊಡಬಹುದಾದ ಉತ್ತರ ಇದು: ‘ಮಸ್ಟ್’ಗೆ ಹೋಗಲಾಗದ ಕಡೆಗೆಲ್ಲ ಹೋಗುವುದು ‘ಹ್ಯಾವ್ ಟು’. ಹೋಗಬೇಕಾಗುತ್ತದೆ ಎಂದರೆ ‘ವಿಲ್ ಹ್ಯಾವ್ ಟು ಗೋ’, ಹೋಗಬೇಕಾಯಿತು ಎಂದರೆ ‘ಹ್ಯಾಡ್ ಟು ಗೋ’.

ಕನ್ನಡ ವ್ಯಾಕರಣದ ಮೇಷ್ಟರನ್ನು ಮಾತನಾಡಿಸಿ

ಪ್ರೌಢಶಾಲೆಯ ಮಕ್ಕಳು ಪ್ರಥಮ ಭಾಷೆ ಕನ್ನಡದಲ್ಲಿ ವಿಧ್ಯರ್ಥ, ನಿಷೇಧಾರ್ಥ, ಸಂಭಾವನಾರ್ಥ ಕ್ರಿಯಾರೂಪಗಳನ್ನು ಕಲಿಯುತ್ತಾರೆ. ಬರಲಿ, ಬಾರನು, ಬಂದಾನು. ಪಕ್ಕದ ಅವಧಿಯಲ್ಲಿ ಕಲಿತ ಈ ಸಂಗತಿ ಇಂಗ್ಲಿಷ್ ಅವಧಿಗೆ ಬರುವಷ್ಟರಲ್ಲಿ ಬಾಗಿಲ ಹೊರಗೇ ಉಳಿದುಬಿಡುತ್ತದೆ. ಅದನ್ನು ಒಳಗೆ ಕರೆಯುವುದು ನಮ್ಮ ಕೆಲಸ.

ಸಂಭಾವನಾರ್ಥವನ್ನೇ ತೆಗೆದುಕೊಳ್ಳಿ. ‘ಮಳೆ ಬಂದೀತು, ಕೊಡೆ ಹಿಡಿದುಕೊಂಡು ಹೋಗು’, ‘ಬಿದ್ದೀಯ, ಜೋಕೆ!’ ಎನ್ನುವ ಮಾತುಗಳನ್ನು ಮನೆಯಲ್ಲಿ ಅಜ್ಜಿಯರು ಹೇಳುತ್ತಲೇ ಇರುತ್ತಾರೆ. ಇದೇ ‘ಇಟ್ ಮೈಟ್ ರೈನ್’, ‘ಯು ಮೈಟ್ ಫಾಲ್’. ವಿಧ್ಯರ್ಥದ ‘ದೇವರು ಒಳ್ಳೆಯದು ಮಾಡಲಿ’ ಎಂಬ ಹಾರೈಕೆ ‘ಮೇ ಗಾಡ್ ಬ್ಲೆಸ್ ಯು’. ‘ಕಿಟಕಿ ತೆಗೆಯಲಾ?’ ಎಂದರೆ ‘ಶಲ್ ಐ ಓಪನ್ ದ ವಿಂಡೋ?’, ‘ಹೋಗೋಣವಾ?’ ಎಂದರೆ ‘ಶಲ್ ವಿ ಗೋ?’. ‘ಶಲ್’ ಅನ್ನು ಭವಿಷ್ಯತ್ಕಾಲದ ಕೋಷ್ಟಕದಲ್ಲಿ ‘ಐ, ವಿ’ಗಳ ಮುಂದೆ ಕೂರಿಸಿ ಕಲಿಸಿದಾಗ ಮಂಕಾಗುವ ಮುಖಗಳು, ‘-ಲಾ’, ‘-ಓಣವಾ’ಗಳ ಜೊತೆ ಕಲಿಸಿದಾಗ ಅರಳುವುದನ್ನು ನಾನು ಹಲವು ಪಾಠಗಳಲ್ಲಿ ಕಂಡಿದ್ದೇನೆ. ಒಂದು ಎಚ್ಚರಿಕೆ: ಮನೆಯಿಂದ ಹೊರಡುವಾಗ ನಾವು ‘ಬರ್ಲಾ?’, ‘ಬರ್ತೀನಿ’ ಎನ್ನುತ್ತೇವೆ. ಅದನ್ನು ‘ಶಲ್ ಐ ಕಮ್?’, ‘ಐ ವಿಲ್ ಕಮ್’ ಎಂದು ಇಳಿಸಿದರೆ ಕೇಳಿದವರು ಬಾಗಿಲು ತೆರೆದು ಕಾಯಬೇಕಾದೀತು. ‘ಹೋಗುತ್ತೇನೆ’ ಎನ್ನಬಾರದೆಂಬ ನಮ್ಮ ಸಂಸ್ಕಾರ ಇಂಗ್ಲಿಷಿಗೆ ಗೊತ್ತಿಲ್ಲ.

ಖಚಿತತೆಯ ಏಣಿಯನ್ನು ಕಟ್ಟಲು ಒಂದು ಬಸ್ಸು ಸಾಕು. ಹಲಗೆಯ ಮೇಲೆ ಮೇಲಿನಿಂದ ಕೆಳಕ್ಕೆ ಬರೆಯಿರಿ: ಬಸ್ಸು ಬರುತ್ತದೆ, (ಹೊತ್ತಾಯಿತು, ಇನ್ನೇನು) ಬರಬೇಕು, ಬರಬಹುದು, ಬಂದೀತು, ಬರಲಿಕ್ಕಿಲ್ಲ, ಬರಲಾರದು. ಮಕ್ಕಳು ಈ ಕ್ರಮವನ್ನು ತಾವೇ ಜೋಡಿಸಬಲ್ಲರು, ಮೆಟ್ಟಿಲುಗಳ ಬಗ್ಗೆ ಜಗಳವನ್ನೂ ಆಡುತ್ತಾರೆ. ಜಗಳ ಆಡಲಿ. ಬಳಿಕ ಪಕ್ಕದಲ್ಲಿ ವಿಲ್, ಶುಡ್, ಮೇ, ಮೈಟ್, ಮೇ ನಾಟ್, ಕಾಂಟ್ ಬರೆಯಿರಿ. ಮೋಡಲ್ ಎಂದರೆ ಹೇಳುವವರ ಮನಸ್ಸಿನಲ್ಲಿರುವ ಭರವಸೆಯ ಅಳತೆ ಎಂಬುದು ವ್ಯಾಖ್ಯೆಯಿಲ್ಲದೆ ತಿಳಿಯುತ್ತದೆ. ಇಲ್ಲಿಯೂ ಒಂದು ಎಡವುಗಲ್ಲಿದೆ. ‘ಮಳೆ ಬರಬಹುದಾ?’ ಎಂದು ಕನ್ನಡದಲ್ಲಿ ಕೇಳುತ್ತೇವೆ. ಆದರೆ ‘ಮೇ ಇಟ್ ರೈನ್?’ ಎಂದು ಸಾಧ್ಯತೆಯನ್ನು ಕೇಳುವ ರೂಢಿ ಇಂಗ್ಲಿಷಿನಲ್ಲಿಲ್ಲ. ‘ಡು ಯು ಥಿಂಕ್ ಇಟ್ ವಿಲ್ ರೈನ್?’ ಎಂದೇ ಕೇಳಬೇಕು.

ನಾಲ್ಕು ‘ಬೇಕು’ಗಳು

ಕನ್ನಡ ಮಗುವಿಗೆ ಅತಿ ಹೆಚ್ಚು ತೊಡಕು ತರುವುದು ‘ಬೇಕು’. ಒಂದೇ ಪದ ಕನ್ನಡದಲ್ಲಿ ನಾಲ್ಕು ಕೆಲಸ ಮಾಡುತ್ತದೆ, ಇಂಗ್ಲಿಷ್ ಆ ಕೆಲಸಗಳನ್ನು ಹಂಚಿಕೊಟ್ಟಿದೆ.

‘ನಾನು ಡಾಕ್ಟರ್ ಆಗಬೇಕು’ ಎಂಬುದು ಆಸೆ. ‘ಸಮವಸ್ತ್ರ ಹಾಕಿಕೊಂಡು ಬರಬೇಕು’ ಎಂಬುದು ನಿಯಮ. ‘ನೀನು ಸ್ವಲ್ಪ ಬೇಗ ಮಲಗಬೇಕು’ ಎಂಬುದು ಸಲಹೆ. ‘ದೀಪ ಉರಿಯುತ್ತಿದೆ, ಅವರು ಮನೆಯಲ್ಲಿರಬೇಕು’ ಎಂಬುದು ಊಹೆ. ಇಂಗ್ಲಿಷಿನಲ್ಲಿ ಕ್ರಮವಾಗಿ ‘ವಾಂಟ್ ಟು’, ‘ಮಸ್ಟ್’ ಅಥವಾ ‘ಹ್ಯಾವ್ ಟು’, ‘ಶುಡ್’, ಮತ್ತೆ ‘ಮಸ್ಟ್’. ಪಟ್ಟಿಯಲ್ಲಿ ‘ಮಸ್ಟ್ ಎಂದರೆ ಬೇಕು’ ಎಂದು ಬರೆಸಿದರೆ ಮಗು ತನ್ನ ಕನಸನ್ನು ‘ಐ ಮಸ್ಟ್ ಬಿಕಮ್ ಎ ಡಾಕ್ಟರ್’ ಎನ್ನುತ್ತದೆ. ಕೇಳಿದವರಿಗೆ ಯಾರೋ ಬಲವಂತ ಮಾಡುತ್ತಿದ್ದಾರೆ ಎನಿಸಬಹುದು.

ಆದ್ದರಿಂದ ‘ಬೇಕು’ ಬಂದಾಗಲೆಲ್ಲ ಒಂದು ಪ್ರಶ್ನೆ ಕೇಳುವ ಅಭ್ಯಾಸ ಮಾಡಿಸಿ: ಇದು ಆಸೆಯ ಬೇಕೋ, ನಿಯಮದ ಬೇಕೋ, ಸಲಹೆಯ ಬೇಕೋ, ಊಹೆಯ ಬೇಕೋ? ನಾಲ್ಕು ಬಣ್ಣದ ಚೀಟಿ ಕೊಟ್ಟು, ನೀವು ಕನ್ನಡ ವಾಕ್ಯ ಹೇಳಿದಂತೆ ಮಕ್ಕಳು ಚೀಟಿ ಎತ್ತಲಿ. ಮೊದಲ ಸುತ್ತಿನಲ್ಲಿ ಇಂಗ್ಲಿಷ್ ಬೇಡವೇ ಬೇಡ. ಅರ್ಥ ಬೇರ್ಪಟ್ಟ ಮೇಲೆ ಪದವನ್ನು ಅಂಟಿಸುವುದು ಸುಲಭ. ‘ಹೋಗಬೇಕು’ ಎಂಬ ಒಂದೇ ವಾಕ್ಯಕ್ಕೆ ಎರಡು ಚೀಟಿ ಎದ್ದರೆ ಅದು ಗೊಂದಲವಲ್ಲ, ಸಂದರ್ಭ ಹೇಳದೆ ಅರ್ಥ ತಿಳಿಯದು ಎಂಬ ಪಾಠ.

ಊಹೆಯ ‘ಬೇಕು’ ಮತ್ತು ನಿಯಮದ ‘ಬೇಕು’ ಎರಡಕ್ಕೂ ಇಂಗ್ಲಿಷ್ ಕೂಡ ಒಂದೇ ‘ಮಸ್ಟ್’ ಬಳಸುವುದು ನಮಗೆ ಒದಗಿದ ಅನುಕೂಲ. ನಿಷೇಧಕ್ಕೆ ಹೋದಾಗ ಮಾತ್ರ ಅವು ಬೇರೆಯಾಗುತ್ತವೆ. ‘ಅವರು ಮನೆಯಲ್ಲಿರಲಾರರು’ ಎಂಬ ಊಹೆಗೆ ‘ಮಸ್ಟ್ ನಾಟ್’ ಅಲ್ಲ, ‘ದೇ ಕಾಂಟ್ ಬಿ ಅಟ್ ಹೋಮ್’.

‘ಆಗುತ್ತದೆ’, ‘ಬರುತ್ತದೆ’, ‘ಬಲ್ಲೆ’

ಸಾಮರ್ಥ್ಯವನ್ನು ಹೇಳುವಾಗ ಸ್ಥಿತಿ ತಿರುಗುಮುರುಗು. ಇಲ್ಲಿ ಕನ್ನಡಕ್ಕೆ ಹಲವು ದಾರಿ, ಇಂಗ್ಲಿಷಿಗೆ ಒಂದು. ‘ನನಗೆ ಈಜು ಬರುತ್ತದೆ’ ಎಂದರೆ ಕಲಿತ ವಿದ್ಯೆ. ‘ಇವತ್ತು ನನಗೆ ಈಜಲು ಆಗುವುದಿಲ್ಲ’ ಎಂದರೆ ಸದ್ಯದ ಸ್ಥಿತಿ, ಕಾಲು ನೋವೋ ಜ್ವರವೋ. ‘ಈಜಬಲ್ಲೆ’ ಎಂಬುದು ಬರಹದ ರೂಪ. ಎಲ್ಲಕ್ಕೂ ‘ಕ್ಯಾನ್’ ಸಾಕು. ಪದ ಸುಲಭ, ಕರ್ತೃವೇ ಕಷ್ಟ. ಕನ್ನಡದಲ್ಲಿ ‘ನನಗೆ’ ಎಂಬ ಚತುರ್ಥಿ ವಿಭಕ್ತಿಯಿಂದ ವಾಕ್ಯ ಶುರುವಾಗುವುದರಿಂದ ಮಗು ‘ಮಿ ಸ್ವಿಮಿಂಗ್ ಈಸ್ ಕಮಿಂಗ್’ ಎನ್ನುತ್ತದೆ. ಇದನ್ನು ತಪ್ಪು ಎಂದು ಗೀಟು ಹಾಕುವುದಕ್ಕಿಂತ, ‘ನನಗೆ... ಬರುತ್ತದೆ’ ಎಂಬ ಇಡೀ ಚೌಕಟ್ಟಿನ ಬದಲಿಗೆ ‘ಐ ಕ್ಯಾನ್...’ ಎಂಬ ಇಡೀ ಚೌಕಟ್ಟನ್ನು ಕೊಡಿ. ಸೈಕಲ್ ಬರುತ್ತದೆ, ಅಡುಗೆ ಬರುತ್ತದೆ, ಹಾಲು ಕರೆಯಲು ಬರುತ್ತದೆ, ರಂಗೋಲಿ ಬರುತ್ತದೆ. ತನಗೆ ಬರುವ ವಿದ್ಯೆಯನ್ನು ಪ್ರತಿ ಮಗುವೂ ಒಂದು ವಾಕ್ಯದಲ್ಲಿ ಹೇಳಲಿ. ಓದಿನಲ್ಲಿ ಹಿಂದಿರುವ ಮಗುವಿಗೆ ಈ ಪಾಠದಲ್ಲಿ ಹೇಳಲು ಎಲ್ಲರಿಗಿಂತ ಹೆಚ್ಚು ಇರುತ್ತದೆ.

‘ಕುಡ್’ ಎಂಬುದು ‘ಕ್ಯಾನ್’ನ ಭೂತಕಾಲ ಎಂದು ಬರೆಸಿ ಮುಂದೆ ಹೋಗುವಂತಿಲ್ಲ. ಹಿಂದೆ ಬಹುಕಾಲ ಇದ್ದ ಸಾಮರ್ಥ್ಯಕ್ಕೆ ‘ಕುಡ್’ ಸರಿ: ಅಜ್ಜ ಹತ್ತು ಮೈಲಿ ನಡೆಯಬಲ್ಲವರಾಗಿದ್ದರು. ಆದರೆ ಒಮ್ಮೆ ಕಷ್ಟಪಟ್ಟು ಸಾಧಿಸಿದ್ದಕ್ಕೆ, ಅಂದರೆ ಓಡಿ ಹೋದೆ, ಬಸ್ಸು ಹಿಡಿಯಲು ಆಯಿತು ಎನ್ನುವಲ್ಲಿ ‘ವಾಸ್ ಏಬಲ್ ಟು’ ಬೇಕು. ಆಗಲಿಲ್ಲ ಎನ್ನುವಾಗ ಮಾತ್ರ ಎರಡೂ ಕಡೆ ‘ಕುಡ್ ನಾಟ್’ ನಡೆಯುತ್ತದೆ.

‘ನಾಟ್’ ಯಾವುದನ್ನು ಅಲ್ಲಗಳೆಯುತ್ತದೆ?

ಮೊದಲು ಹೇಳಿದ ‘ಮಸ್ಟ್ ನಾಟ್’ ತೊಡಕಿಗೆ ಬರೋಣ. ‘ಯು ಮಸ್ಟ್ ನಾಟ್ ಕಮ್’ ಎಂಬಲ್ಲಿ ‘ನಾಟ್’ ಅಲ್ಲಗಳೆಯುವುದು ಬರುವುದನ್ನು. ಕಡ್ಡಾಯ ಹಾಗೆಯೇ ಉಳಿದಿದೆ. ಬಾರದೆ ಇರುವುದು ಕಡ್ಡಾಯ. ‘ಯು ನೀಡ್ ನಾಟ್ ಕಮ್’ ಅಥವಾ ‘ಯು ಡೋಂಟ್ ಹ್ಯಾವ್ ಟು ಕಮ್’ ಎಂಬಲ್ಲಿ ಅಲ್ಲಗಳೆಯುವುದು ಕಡ್ಡಾಯವನ್ನೇ. ಬರುವುದು ನಿಮ್ಮ ಇಷ್ಟ. ಕನ್ನಡ ಈ ಎರಡನ್ನು ಬಹಳ ಸ್ಪಷ್ಟವಾಗಿ ಬೇರೆ ಇಟ್ಟಿದೆ: ‘ಬರಬಾರದು, ಬರಕೂಡದು’ ಒಂದು ಕಡೆ, ‘ಬರಬೇಕಾಗಿಲ್ಲ, ಬರಬೇಕಿಲ್ಲ’ ಇನ್ನೊಂದು ಕಡೆ. ಅಂದರೆ ಮಗುವಿಗೆ ವ್ಯತ್ಯಾಸ ಗೊತ್ತು. ಅದರ ಇಂಗ್ಲಿಷ್ ವಿಳಾಸ ಮಾತ್ರ ಗೊತ್ತಿಲ್ಲ.

ಇಲ್ಲಿ ‘ಬೇಡ’ ಎಂಬ ಪದವನ್ನು ಅರ್ಥ ಹೇಳಲು ಬಳಸಬೇಡಿ. ‘ನಾಳೆ ಬರೋದು ಬೇಡ’ ಎಂಬುದು ಧ್ವನಿಯ ಏರಿಳಿತದ ಮೇಲೆ ನಿಷೇಧವೂ ಆಗಬಹುದು, ವಿನಾಯಿತಿಯೂ ಆಗಬಹುದು. ‘ಬಾರದು’ ಮತ್ತು ‘ಬೇಕಾಗಿಲ್ಲ’ ಎಂಬ ಜೋಡಿಯನ್ನೇ ಬಳಸಿ. ಪರೀಕ್ಷಿಸಲು ಒಂದು ಪ್ರಶ್ನೆ ಸಾಕು: ‘ಮಾಡಿದರೆ ತಪ್ಪೇ?’ ಹೌದಾದರೆ ‘ಮಸ್ಟ್ ನಾಟ್’, ಇಲ್ಲವಾದರೆ ‘ನೀಡ್ ನಾಟ್’.

ಭೂತಕಾಲದಲ್ಲೂ ಕನ್ನಡದ ಸೂಕ್ಷ್ಮ ನೆರವಿಗೆ ಬರುತ್ತದೆ. ‘ಹೋಗಬೇಕಾಯಿತು’ ಎಂದರೆ ಹೋದದ್ದಾಗಿದೆ: ‘ಹ್ಯಾಡ್ ಟು ಗೋ’. ‘ಹೋಗಬೇಕಿತ್ತು’ ಎಂದಾಗ ಸಾಮಾನ್ಯವಾಗಿ ಹೋಗಲಿಲ್ಲ, ಈಗ ಕೊರಗು: ‘ಶುಡ್ ಹ್ಯಾವ್ ಗಾನ್’. ‘ಹೋಗಬಹುದಿತ್ತು’ ಎಂದರೆ ‘ಕುಡ್ ಹ್ಯಾವ್ ಗಾನ್’. ಎಂಟನೆಯ ತರಗತಿಗೆ ಇವುಗಳ ರಚನೆಯನ್ನು ಬಿಡಿಸಿ ಹೇಳಬೇಕಿಲ್ಲ. ಇಡಿಯಾಗಿ ಒಂದೊಂದು ಸಂದರ್ಭದ ಜೊತೆ ಕೊಟ್ಟರೆ ‘ಐ ಮಸ್ಟ್ ವೆಂಟ್’ ಎಂಬ ತಪ್ಪು ತಾನಾಗಿ ಕಡಿಮೆಯಾಗುತ್ತದೆ.

ವಿನಯ ಎಲ್ಲಿ ಕುಳಿತಿದೆ?

ಕನ್ನಡದಲ್ಲಿ ಗೌರವ ಬಹುವಚನದಲ್ಲಿದೆ. ‘ಪೆನ್ನು ಕೊಡಿ ಸಾರ್’ ಎಂಬುದು ಮರ್ಯಾದೆಯ ಮಾತು. ‘ಕೊಡಿ’ಯ ಇಕಾರವೇ ವಿನಯವನ್ನು ಹೊತ್ತಿದೆ. ಇಂಗ್ಲಿಷಿನ ‘ಯು’ಗೆ ನೀನೂ ಒಂದೇ ನೀವೂ ಒಂದೇ. ಹಾಗಾಗಿ ‘ಗಿವ್ ಪೆನ್ ಸರ್’ ಎಂದಾಗ ವಿನಯ ದಾರಿಯಲ್ಲೇ ಉದುರಿಹೋಗಿ ಆಜ್ಞೆ ಉಳಿಯುತ್ತದೆ. ‘ನನಗೆ ಎರಡು ದಿನ ರಜೆ ಬೇಕು’ ಎಂಬುದು ‘ಐ ವಾಂಟ್ ಟು ಡೇಸ್ ಲೀವ್’ ಆದಾಗಲೂ ಅಷ್ಟೇ. ಮಗು ಒರಟಲ್ಲ; ಆದರೆ ಮುಂದೆ ಸಂದರ್ಶನದಲ್ಲೋ ಬ್ಯಾಂಕಿನ ಕಿಟಕಿಯಲ್ಲೋ ಹೀಗೆ ಹೇಳಿದರೆ ಎದುರಿನವರು ಒರಟು ಎಂದೇ ತಿಳಿದುಕೊಳ್ಳುತ್ತಾರೆ. ಇಂಗ್ಲಿಷಿನಲ್ಲಿ ವಿನಯ ಕುಳಿತಿರುವುದು ಮೋಡಲ್‌ನಲ್ಲಿ: ‘ಕುಡ್ ಯು’, ‘ವುಡ್ ಯು’, ‘ಮೇ ಐ’. ‘ಸ್ವಲ್ಪ ಪೆನ್ನು ಕೊಡ್ತೀರಾ?’ ಎಂದು ಪ್ರಶ್ನೆಯಾಗಿ ಕೇಳುವ ರೂಢಿ ನಮ್ಮಲ್ಲೂ ಇದೆಯಲ್ಲ, ಸೇತುವೆ ಅಲ್ಲಿಂದ ಹಾಕಿ. ಕೇಳುವಾಗ ‘ಕುಡ್ ಐ’ ಎಂದರೂ ಒಪ್ಪಿಗೆ ಕೊಡುವಾಗ ‘ಯೆಸ್, ಯು ಕ್ಯಾನ್’ ಎಂದೇ ಹೇಳಬೇಕೆಂಬುದನ್ನೂ ಸಂಭಾಷಣೆಯಲ್ಲಿ ರೂಢಿಸಿ.

ನಮ್ಮ ಎಲ್ಲ ಶಾಲೆಗಳಲ್ಲೂ ಮಕ್ಕಳಿಗೆ ಬಾಯಿಪಾಠವಾಗಿರುವ ಒಂದು ಮೋಡಲ್ ವಾಕ್ಯವಿದೆ: ‘ಮೇ ಐ ಕಮಿನ್ ಮಿಸ್?’ ಮಗುವಿನ ಕಿವಿಗೆ ಅದು ನಾಲ್ಕು ಪದವಲ್ಲ, ಬಾಗಿಲಲ್ಲಿ ಹೇಳುವ ಒಂದು ಮಂತ್ರ. ಆ ಮಂತ್ರವನ್ನು ಬಿಡಿಸಿ. ‘ಕಮ್ ಇನ್’ ತೆಗೆದು ‘ಗೋ ಔಟ್’, ‘ಡ್ರಿಂಕ್ ವಾಟರ್’, ‘ಸಿಟ್ ಹಿಯರ್’, ‘ಕ್ಲೋಸ್ ದ ಡೋರ್’ ಹಾಕಿಸಿ. ಒಂದು ವಾರ ತರಗತಿಯ ಎಲ್ಲ ಅನುಮತಿಗಳೂ ಈ ರೂಪದಲ್ಲೇ ನಡೆಯಲಿ.

40 ನಿಮಿಷದ ಒಂದು ಪಾಠ

ಒಂದು ಅವಧಿಯಲ್ಲಿ ಒಂಬತ್ತು ಮೋಡಲ್ ಕಲಿಸುವ ಯೋಜನೆಯನ್ನು ಕೈಬಿಡಿ. ಒಂದು ಜೋಡಿ ಸಾಕು. ‘ಮಸ್ಟ್ ನಾಟ್’ ಮತ್ತು ‘ನೀಡ್ ನಾಟ್’ ಜೋಡಿಗೆ ನಾನು ಸೂಚಿಸುವ ಸಂದರ್ಭ ಹಂಪಿಗೆ ಶಾಲಾ ಪ್ರವಾಸ. ಬೋಧನೋಪಕರಣ ಜೇಬಿನಲ್ಲೇ ಇದೆ: 2017ರಲ್ಲಿ ಚಲಾವಣೆಗೆ ಬಂದ ಹೊಸ ಮಾದರಿಯ 50 ರೂಪಾಯಿ ನೋಟಿನ ಹಿಂಬದಿಯಲ್ಲಿ ಹಂಪಿಯ ಕಲ್ಲಿನ ರಥವಿದೆ.

ಮೊದಲ 5 ನಿಮಿಷ ನೋಟು ತೋರಿಸಿ ಮಾತು. ಅಲ್ಲಿಗೆ ಹೋದರೆ ಏನು ಮಾಡಬಾರದು? ರಥದ ಮೇಲೆ ಹತ್ತಬಾರದು, ಕಲ್ಲಿನ ಮೇಲೆ ಹೆಸರು ಕೆತ್ತಬಾರದು. ಮುಂದಿನ 10 ನಿಮಿಷ ಶಾಲೆಯ ಸುತ್ತೋಲೆ ಎಂದು ನೀವೇ ಬರೆದು ತಂದ ಎಂಟು ಸಾಲಿನ ಇಂಗ್ಲಿಷ್ ಸೂಚನೆಯ ಓದು: ಊಟ ಶಾಲೆಯದು, ಹಾಸಿಗೆ ಅಲ್ಲಿ ಸಿಗುತ್ತದೆ, ಗುರುತಿನ ಚೀಟಿ ಕಡ್ಡಾಯ, ಗುಂಪು ಬಿಟ್ಟು ಹೋಗುವಂತಿಲ್ಲ, ಇತ್ಯಾದಿ. ಈ ಸೂಚನೆಯಲ್ಲಿ ಮೋಡಲ್ ಇರಕೂಡದು. ಸಂಗತಿ ಮಾತ್ರ ಇರಲಿ. ಬಳಿಕ 15 ನಿಮಿಷ ಜೋಡಿ ಕೆಲಸ. ಊಟದ ಡಬ್ಬಿ, ಚೀಟಿ, ಹಾಸಿಗೆ, ನೀರಿನ ಬಾಟಲಿ, ರಥ ಹತ್ತುವುದು ಮುಂತಾದ ಮಿಂಚುಪಟ್ಟಿಗಳನ್ನು ಮಕ್ಕಳು ಮಸ್ಟ್, ಮಸ್ಟ್ ನಾಟ್, ನೀಡ್ ನಾಟ್ ಎಂಬ ಮೂರು ಮನೆಗಳಲ್ಲಿ ಇಟ್ಟು, ಏಕೆಂದು ಒಂದು ವಾಕ್ಯದಲ್ಲಿ ಹೇಳಬೇಕು. ನಂತರ 5 ನಿಮಿಷ ಹಲಗೆಯ ಮೇಲೆ ರೂಪದ ಗಮನ. ಕೊನೆಯ 5 ನಿಮಿಷ ‘ಮಾಡಿದರೆ ತಪ್ಪೇ?’ ಪ್ರಶ್ನೆಯಿಂದ ಮೌಲ್ಯಮಾಪನ. ಈ ಲೆಕ್ಕ 40 ಆಗಿದೆ. ಪ್ರತಿ ಜೋಡಿ ಒಂದು ವಾಕ್ಯವನ್ನಾದರೂ ನಿಮ್ಮ ಕಿವಿಗೆ ಬೀಳುವಂತೆ ಹೇಳಿರಬೇಕು.

ಸೂಚನೆಯಲ್ಲಿ ಮೋಡಲ್ ಇರಕೂಡದು ಎಂದದ್ದಕ್ಕೆ ಕಾರಣವಿದೆ. ಇದ್ದರೆ ಮಗು ನಕಲು ಮಾಡುತ್ತದೆ. ಇಲ್ಲದಿದ್ದರೆ ಸಂಗತಿಯಿಂದ ತೀರ್ಮಾನಕ್ಕೆ ಬರಬೇಕಾಗುತ್ತದೆ. ಎನ್. ಎಸ್. ಪ್ರಭು ಅವರು 1979ರಿಂದ 1984ರವರೆಗೆ ದಕ್ಷಿಣ ಭಾರತದ ಶಾಲೆಗಳಲ್ಲಿ ನಡೆಸಿದ, ‘ಬೆಂಗಳೂರು ಪ್ರಾಜೆಕ್ಟ್’ ಎಂದೇ ಜಗತ್ತಿಗೆ ಪರಿಚಿತವಾದ ಪ್ರಯೋಗದ ತಿರುಳು ಇದೇ. ವ್ಯಾಕರಣವನ್ನು ಮುಂದಿಟ್ಟು ವಿವರಿಸುವ ಬದಲು, ವೇಳಾಪಟ್ಟಿ, ನಕ್ಷೆ ಮುಂತಾದವುಗಳಿಂದ ಉತ್ತರ ಹುಡುಕುವ ಚಟುವಟಿಕೆಗಳಲ್ಲಿ ಮಕ್ಕಳ ಗಮನವನ್ನು ಅರ್ಥದ ಮೇಲೆ ನಿಲ್ಲಿಸುವುದು. 1987ರಲ್ಲಿ ಬಂದ ‘ಸೆಕೆಂಡ್ ಲಾಂಗ್ವೇಜ್ ಪೆಡಗಾಜಿ’ ಎಂಬ ಅವರ ಪುಸ್ತಕದಲ್ಲಿ ಮಾಹಿತಿಯ ಅಂತರ, ತರ್ಕದ ಅಂತರ, ಅಭಿಪ್ರಾಯದ ಅಂತರ ಎಂದು ಮೂರು ಬಗೆಯ ಚಟುವಟಿಕೆಗಳ ವಿವರವಿದೆ. ಮೋಡಲ್‌ಗಳಿಗೆ ತರ್ಕದ ಅಂತರ ಹೇಳಿ ಮಾಡಿಸಿದಂತಿದೆ. ನಾನು ಅವರಷ್ಟು ದೂರ ಹೋಗುವುದಿಲ್ಲ. ಕೊನೆಗೆ ಐದು ನಿಮಿಷ ರೂಪದ ಕಡೆ ಬೆರಳು ತೋರಿಸುವುದು ನಮ್ಮ ದೊಡ್ಡ ತರಗತಿಗಳಲ್ಲಿ ಅಗತ್ಯವೆಂದೇ ನನ್ನ ಅನಿಸಿಕೆ.

ಊಹೆಯ ಮೋಡಲ್‌ಗಳಿಗೆ ‘ಇದು ಯಾರ ಚೀಲ?’ ಆಟ ಒಳ್ಳೆಯದು. ಒಂದು ಶಾಲಾಚೀಲದಿಂದ ಒಂದೊಂದೇ ವಸ್ತು ತೆಗೆಯಿರಿ: ಬಸ್ ಪಾಸ್, ಒಂಬತ್ತನೆಯ ತರಗತಿಯ ಪುಸ್ತಕ, ಕೊಕ್ಕೊ ಆಟದ ಪ್ರಮಾಣಪತ್ರ. ಪ್ರತಿ ವಸ್ತುವಿನ ನಂತರ ಮಕ್ಕಳು ‘ಶಿ ಮಸ್ಟ್ ಬಿ...’, ‘ಶಿ ಮೇ ಬಿ...’, ‘ಶಿ ಕಾಂಟ್ ಬಿ...’ ಎಂದು ಊಹಿಸಲಿ. ಪುರಾವೆ ಬಂದಂತೆ ‘ಮೇ’ ‘ಮಸ್ಟ್’ ಆಗುವುದು ಅವರಿಗೇ ಕಾಣುತ್ತದೆ.

ಕಿವಿ ಮತ್ತು ನಾಲಿಗೆ

ವಾಕ್ಯದ ನಡುವೆ ‘ಕ್ಯಾನ್’ ಮೆದುವಾಗಿ ‘ಕನ್’ ಎಂಬಂತೆ ಕೇಳಿಸುತ್ತದೆ. ‘ಕಾಂಟ್’ ಮಾತ್ರ ಒತ್ತು ಪಡೆದು ಉದ್ದವಾಗುತ್ತದೆ. ಕೊನೆಯ ‘ಟ್’ ಹಲವು ಸಲ ಕಿವಿಗೆ ಬೀಳುವುದೇ ಇಲ್ಲ. ಆದ್ದರಿಂದ ಒತ್ತನ್ನು ಕೇಳಿ ಹೌದೋ ಅಲ್ಲವೋ ತಿಳಿಯುವ ಅಭ್ಯಾಸ ಮಾಡಿಸಿ: ನೀವು ವಾಕ್ಯ ಹೇಳಿ, ಮಕ್ಕಳು ಹೆಬ್ಬೆರಳು ಮೇಲೋ ಕೆಳಗೋ ತೋರಿಸಲಿ. ‘ಕುಡ್, ವುಡ್, ಶುಡ್’ಗಳ ಕಾಗುಣಿತದಲ್ಲಿ ‘ಎಲ್’ ಅಕ್ಷರವಿದ್ದರೂ ಉಚ್ಚಾರದಲ್ಲಿ ಇಲ್ಲ. ‘ಶುಲ್ಡ್’ ಎಂದು ಓದುವ ಮಗುವಿಗೆ ಕನ್ನಡ ಲಿಪಿಯಲ್ಲಿ ಒಮ್ಮೆ ‘ಶುಡ್’ ಎಂದು ಬರೆದು ತೋರಿಸುವುದರಲ್ಲಿ ಯಾವ ಅಪಚಾರವೂ ಇಲ್ಲ.

ಮೌಲ್ಯಮಾಪನ ಮತ್ತು ಪಾಠಯೋಜನೆ

ಎಸ್‌ಎಸ್‌ಎಲ್‌ಸಿ ದ್ವಿತೀಯ ಭಾಷೆ ಇಂಗ್ಲಿಷಿನಲ್ಲಿ ಸಂಭಾಷಣೆ ಕೊಟ್ಟು ಗೆರೆ ಎಳೆದ ಮಾತಿನ ಭಾಷಾಕಾರ್ಯ ಯಾವುದು, ಅನುಮತಿ ಕೇಳುವುದೋ ಸಲಹೆ ಕೊಡುವುದೋ, ಎಂದು ಗುರುತಿಸುವ ಪ್ರಶ್ನೆ ಬರುತ್ತದೆ. ಪಟ್ಟಿ ಬಾಯಿಪಾಠ ಮಾಡಿದ ಮಗು ‘ಮೇ’ ಕಂಡ ತಕ್ಷಣ ‘ಅನುಮತಿ’ ಎಂದು ಗುರುತು ಹಾಕುತ್ತದೆ. ಅದು ಸಾಧ್ಯತೆಯ ‘ಮೇ’ ಆಗಿದ್ದರೆ ಅಂಕ ಹೋಯಿತು. ಸಂದರ್ಭದಿಂದ ಅರ್ಥ ಹಿಡಿಯಲು ಕಲಿತ ಮಗುವಿಗೆ ಪರೀಕ್ಷೆಯೂ ಸುಲಭ. ಆದ್ದರಿಂದ ‘ಪರೀಕ್ಷೆಗೆ ಸಿದ್ಧಮಾಡಬೇಕು, ಚಟುವಟಿಕೆಗೆ ಸಮಯವೆಲ್ಲಿ’ ಎಂಬ ಮಾತಿಗೆ ಇಲ್ಲಿ ಬಲವಿಲ್ಲ.

ಪಾಠಯೋಜನೆಯ ನಿರ್ದಿಷ್ಟ ಉದ್ದೇಶದ ಜಾಗದಲ್ಲಿ ‘ವಿದ್ಯಾರ್ಥಿಗಳು ಮೋಡಲ್ ಕ್ರಿಯಾಪದಗಳನ್ನು ಅರಿಯುವರು’ ಎಂದು ಬರೆಯುವುದನ್ನು ಬಿಡಿ. ಅರಿತರೋ ಇಲ್ಲವೋ ಎಂದು ಅಳೆಯಲು ಅದರಲ್ಲಿ ಏನೂ ಇಲ್ಲ. ‘ಪ್ರವಾಸದ ಸೂಚನೆಯನ್ನು ಓದಿ, ಮಾಡಲೇಬೇಕಾದದ್ದು, ಮಾಡಬಾರದ್ದು, ಮಾಡಬೇಕಾಗಿಲ್ಲದ್ದು ಇವುಗಳನ್ನು ಸರಿಯಾದ ಮೋಡಲ್ ಬಳಸಿ ಹೇಳುವರು’ ಎಂದು ಬರೆಯಿರಿ. ಉದ್ದೇಶ ಹೀಗೆ ಖಚಿತವಾದರೆ ಚಟುವಟಿಕೆಯೂ ಮೌಲ್ಯಮಾಪನವೂ ಅದರಿಂದಲೇ ಹುಟ್ಟುತ್ತವೆ, ಪಾಠ ವೀಕ್ಷಿಸುವ ಸಹಪಾಠಿಗೂ ಏನನ್ನು ನೋಡಬೇಕೆಂದು ತಿಳಿಯುತ್ತದೆ.

ಮುಂದಿನ ಸುತ್ತಿನ ಬೋಧನಾಭ್ಯಾಸಕ್ಕೆ ಹೊರಡುವ ಮುನ್ನ ಒಂದು ಕೆಲಸ ಮಾಡಿ. ನೀವು ಹೋಗುವ ಶಾಲೆಯ ಸುತ್ತಮುತ್ತ ಇಂಗ್ಲಿಷಿನಲ್ಲಿರುವ ಸೂಚನೆಗಳನ್ನು ಬರೆದುಕೊಳ್ಳಿ: ಬಸ್ಸಿನೊಳಗೆ, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ, ಗೊಬ್ಬರದ ಚೀಲದ ಮೇಲೆ, ಕೀಟನಾಶಕದ ಬಾಟಲಿಯ ಮೇಲೆ. ಆ ಬಾಟಲಿಯನ್ನು ಮನೆಯಲ್ಲಿ ಓದಿ ಹೇಳುವವರು ಅನೇಕ ಸಲ ನಿಮ್ಮ ತರಗತಿಯ ಮಕ್ಕಳೇ. ಅದರ ಮೇಲಿನ ‘ಮಸ್ಟ್ ನಾಟ್’ ಅವರಿಗೆ ‘ಕೂಡದು’ ಎಂದೇ ಅರ್ಥವಾಗಬೇಕು, ‘ಬೇಕಾಗಿಲ್ಲ’ ಎಂದಲ್ಲ.